ಬಿಡಿಸಿ ಬರೆಯಿರಿ: ಮುಪ್ಪುರಿ

ಅವರು ತೀರಿಕೊಂಡ ಸುದ್ದಿ ಬಂದದ್ದು ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ. ಮೇಲೆ ಯಾರದೋ ಗೃಹಪ್ರವೇಶದ ಆಮಂತ್ರಣ, ಅದರ ಕೆಳಗೆ ಅವರ ಫೋಟೊ, ಅದರ ಕೆಳಗೆ ಕೈಮುಗಿದ ಚಿತ್ರಗಳ ಉದ್ದ ಸಾಲು. ನಾನೂ ಒಂದು ಕೈಮುಗಿದ ಚಿತ್ರ ಹಾಕಿದೆ. ಆಮೇಲೆ ಮನಸ್ಸು ತಡೆಯದೆ ಅಳಿಸಿದೆ. ಅಳಿಸಿದ್ದೂ ಎಲ್ಲರಿಗೂ ಕಾಣುತ್ತದೆಂದು ಹೊಳೆದು ಮತ್ತೆ ಹಾಕಿದೆ. ಓದುವ ಕಾಲದಿಂದಲೂ ನನಗೆ ದಿನಚರಿ ಬರೆಯುವ ಅಭ್ಯಾಸ. ಆ ದಿನದ ಪುಟದಲ್ಲಿ 'ಸರ್ ಹೋದರು' ಎಂದು ಬರೆದಿದ್ದೇನೆ. ಮುಂದಿನ ಸಾಲು, 'ಸಂಜೆ ಗಾಳಿ ಜೋರಿತ್ತು.' ಎರಡರ ನಡುವೆ ಏನೋ ಇರಬೇಕಿತ್ತು. ಅದನ್ನು ಈಗ ಬರೆಯಲು ಕೂತಿದ್ದೇನೆ.

ಅವರು ಶಿಡ್ಲಘಟ್ಟದ ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡದ ಮೇಷ್ಟ್ರು. ನಾನು ಅಲ್ಲಿ ಬಿ.ಎ. ಓದುವಾಗ ನನಗೆ ಪಾಠ ಹೇಳಿದವರು. ಎಂ.ಎ. ಮುಗಿಸಿ ಬಂದು ಅದೇ ಕಾಲೇಜಿಗೆ ಸೇರಿದಾಗ ನನ್ನ ವಿಭಾಗದ ಮುಖ್ಯಸ್ಥರು. ಕೊನೆಗೆ ನನ್ನನ್ನು ಅಲ್ಲಿಂದ ಕಳಿಸಿದವರೂ ಅವರೇ. ಹೆಸರು ಬರೆಯುವುದಿಲ್ಲ. ಗೌರವಕ್ಕೋ ಸಿಟ್ಟಿಗೋ, ನನಗೇ ಖಚಿತವಿಲ್ಲ.

ಕುಳ್ಳಗಿದ್ದರು. ನಡೆಯುವಾಗ ಒಂದು ಕಾಲಿನ ಚಪ್ಪಲಿ ಮಾತ್ರ ಸದ್ದು ಮಾಡುತ್ತಿತ್ತು. ಆ ಒಂಟಿ ಸದ್ದು ಕೇಳಿದ ಕೂಡಲೇ ಕ್ಲಾಸು ತಣ್ಣಗಾಗುತ್ತಿತ್ತು. ಬಲಗಾಲೋ ಎಡಗಾಲೋ ಎಂದು ಈಗ ಕೇಳಿದರೆ ಹೇಳಲಾರೆ. ಶರ್ಟಿನ ಜೇಬಿನಲ್ಲಿ ಪೆನ್ನಿನ ಪಕ್ಕ ಯಾವಾಗಲೂ ರೇಷ್ಮೆ ನೂಲಿನ ಒಂದು ಸಿಕ್ಕು. ಬಸ್ ಸ್ಟ್ಯಾಂಡಿನಿಂದ ಕಾಲೇಜಿಗೆ ನಡೆದು ಬರುವ ದಾರಿಯಲ್ಲಿ ರೇಷ್ಮೆಗೆ ಹುರಿ ಹಾಕುವ ಮಿಷನ್ನುಗಳ ಗಲ್ಲಿಯೊಂದಿತ್ತು. ಅಲ್ಲಿ ತುಂಡಾಗಿ ಬಿದ್ದ ನೂಲನ್ನು ಕೇಳಿ ಪಡೆದು ಜೇಬಿಗೆ ತುರುಕಿಕೊಳ್ಳುತ್ತಿದ್ದರು. ರೇಷ್ಮೆಗೂಡು ಬೇಯಿಸುವ ವಾಸನೆ ಆ ಊರಿಗೆಲ್ಲ ಇದ್ದದ್ದೇ, ಅವರ ಶರ್ಟಿಗೆ ಸ್ವಲ್ಪ ಹೆಚ್ಚು. ಮಾತಾಡುತ್ತ ಮಾತಾಡುತ್ತ ಆ ನೂಲನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಹೊಸೆಯುತ್ತಿದ್ದರು. ಸ್ಟಾಫ್ ರೂಮಿನ ಹಾಜರಿ ಪುಸ್ತಕಕ್ಕೆ ಪೆನ್ನು ಕಟ್ಟಿದ ದಾರ, ಕಿಟಕಿ ಬಾಗಿಲು ಬಡಿಯದಂತೆ ಬಿಗಿದ ದಾರ, ಎಲ್ಲ ಅವರ ಕೈಯವು. ನನ್ನ ಬೀಗದ ಕೈಗೆ ಈಗಲೂ ಅವರು ಹೊಸೆದ ದಾರವೇ ಇದೆ. ಒಮ್ಮೆ ಬಿಚ್ಚಲು ನೋಡಿದೆ, ಬರಲಿಲ್ಲ. ಕತ್ತರಿಸಬಹುದಿತ್ತು. ಕತ್ತರಿಸಲಿಲ್ಲ.

ತಪ್ಪು ಬರೆದ ಬೋರ್ಡು ಕಂಡರೆ ಅವರಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಚಿಕ್ಕಬಳ್ಳಾಪುರದಲ್ಲಿ ಮನೆ, ನಂದಿಯ ಕಡೆಗೆ ಹೋದಾಗಲೆಲ್ಲ ರಸ್ತೆ ಬದಿಯ ದ್ರಾಕ್ಷಿ ಅಂಗಡಿಯೊಂದು ಕಣ್ಣಿಗೆ ಬೀಳುತ್ತಿತ್ತು. ಅದರ ಬೋರ್ಡಿನಲ್ಲಿ 'ದಾಕ್ಷಿ' ಎಂದಿತ್ತಂತೆ. ಒಂದು ದಿನ ತಡೆಯಲಾರದೆ ಬಸ್ಸಿಳಿದು ಹೋಗಿ, "ಅಲ್ಲಪ್ಪ, ದಕ್ಕೆ ಒತ್ತಕ್ಷರ ಬೇಕಲ್ಲ" ಎಂದರಂತೆ. ಅಂಗಡಿಯವನು, "ಓದೋರು ಯಾರು ಸಾ, ಬರೋರೆಲ್ಲ ತಿನ್ನೋರೇ" ಎಂದು ಒಂದು ಗೊಂಚಲು ಕೈಗಿಟ್ಟನಂತೆ. ತಾವೇ ಸೋತ ಈ ಕತೆಯನ್ನು ಅವರು ಬಹಳ ಸಂತೋಷದಿಂದ ಹೇಳುತ್ತಿದ್ದರು. ಅದೂ ಒಂದೇ ಥರ, ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲಿಸಿ. ಆಗ ಅದು ನನಗೆ ವಿಶೇಷವೆನಿಸಿರಲಿಲ್ಲ.

ನನ್ನ ಕತೆಯೂ ಅವರ ಹತ್ತಿರ ಒಂದಿತ್ತು.

ಮೊದಲ ವರ್ಷದ ಒಂದು ಬೆಳಗ್ಗೆ ಅವರು ಬೋರ್ಡಿನ ಮೇಲೆ 'ಬಿಡಿಸಿ ಬರೆಯಿರಿ' ಎಂದು ಬರೆದು, ಕೆಳಗೆ 'ಮುಪ್ಪುರಿ' ಎಂದು ಬರೆದರು. ನಾನು ಆ ಪದವನ್ನು ಅದಕ್ಕೆ ಮುಂಚೆ ಕೇಳಿರಲಿಲ್ಲ. ನಮ್ಮದು ಮುರುಗಮಲ್ಲದ ಹತ್ತಿರದ ಹಳ್ಳಿ. ಮನೆಯಲ್ಲಿ ತೆಲುಗು, ಹೊಲದಲ್ಲಿ ತೆಲುಗು, ಚಿಂತಾಮಣಿಗೆ ಹೋಗುವ ಬಸ್ಸಿನಲ್ಲಿ ತೆಲುಗು. ಕನ್ನಡ ಶಾಲೆಯಲ್ಲಿ ಕಲಿತದ್ದು, ಇಷ್ಟಪಟ್ಟು ಕಲಿತದ್ದು. ಸರ್ ನನ್ನ ಕಡೆ ಕೈ ತೋರಿಸಿ, "ಏಳಮ್ಮ, ಬಿಡಿಸು" ಎಂದರು.

"ಮುಪ್ಪು, ಉರಿ. ಸರ್."

"ಅಂದ್ರೆ?"

"ಅಪಾಯದ ನೇಣು."

ತೆಲುಗಿನಲ್ಲಿ ಮುಪ್ಪು ಎಂದರೆ ಅಪಾಯ, ಉರಿ ಎಂದರೆ ನೇಣು. ಕನ್ನಡದಲ್ಲಿ ಮುಪ್ಪು ಮುದಿತನ, ಉರಿ ಬೆಂಕಿ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಎದ್ದು ನಿಂತ ಗಾಬರಿಯಲ್ಲಿ ಮನೆಮಾತು ಮುಂದೆ ಬಂತು. ಕ್ಲಾಸು ಹೋ ಎಂದಿತು. ಹಿಂದಿನ ಬೆಂಚಿನವರು ಕುತ್ತಿಗೆಗೆ ನೇಣು ಬಿಗಿದಂತೆ ಮಾಡಿ ನಾಲಗೆ ಹೊರಗೆ ಹಾಕಿದರು. ಸರ್ ನಗಲಿಲ್ಲ. ಚಾಕ್‌ಪೀಸು ಕೆಳಗಿಟ್ಟು, "ತಪ್ಪಲ್ಲ ಕಣಮ್ಮ" ಎಂದರು. "ಇದು ಇನ್ನೊಂದು ಭಾಷೆಯ ಸರಿ."

ಆ ಒಂದು ಮಾತಿನಿಂದ ನಾನು ಕನ್ನಡ ಎಂ.ಎ. ಮಾಡಿದೆ ಎಂದರೆ ಉತ್ಪ್ರೇಕ್ಷೆಯಾದೀತು. ಆದರೆ ಆ ಮಾತು ಇಲ್ಲದಿದ್ದರೆ ಮಾಡುತ್ತಿರಲಿಲ್ಲ ಎಂದರೆ ಆಗಲಾರದು. ಎರಡು ಮಾತಿನ ನಡುವೆ ಬೆಳೆದವರಿಗೆ ಎಲ್ಲಿ ಬಾಯಿ ತೆರೆದರೂ ಎಲ್ಲೋ ಒಂದು ಕಡೆ ತಪ್ಪಿಯೇ ತಪ್ಪುತ್ತೇವೆ ಎಂಬ ಅಳುಕು ಇರುತ್ತದೆ. ಅದನ್ನು ಅವರು ಒಂದೇ ಮಾತಿನಲ್ಲಿ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ನಾನು ಮೇಷ್ಟರಾದ ಮೇಲೆ, ತಪ್ಪು ಹೇಳಿದ ಪ್ರತಿ ಮಗುವಿಗೂ ಅದೇ ಮಾತು ಹೇಳಿದ್ದೇನೆ. ನನ್ನ ಪಾಠದಲ್ಲಿ ನನ್ನದು ಎನ್ನುವುದು ಅಷ್ಟೇ, ಮತ್ತು ಅದು ಅವರದು.

ಅವತ್ತು ಅವರು ಜೇಬಿನಿಂದ ನೂಲು ತೆಗೆದು ಮೂರು ಎಳೆ ಮಾಡಿದರು. ಒಂದೊಂದನ್ನೂ ಒಂದೇ ದಿಕ್ಕಿಗೆ ಬಿಗಿಯಾಗಿ ತಿರುಚಿದರು. ಆಮೇಲೆ ಮೂರನ್ನೂ ಸೇರಿಸಿ ಅದಕ್ಕೆ ಎದುರು ದಿಕ್ಕಿಗೆ ಹೊಸೆದರು. "ಪುರಿ ಅಂದ್ರೆ ಇವತ್ತಿನ ಹುರಿ. ಮೂರು ಪುರಿ, ಮುಪ್ಪುರಿ. ಮೂರು ಅನ್ನೋದು ಸಮಾಸದಲ್ಲಿ ಬಂದ್ರೆ ಮೊಟಕಾಗಿ ಮುಂದಿನಕ್ಷರನ ಗಟ್ಟಿಯಾಗಿ ಹಿಡ್ಕೊಳ್ತದೆ. ಮುಕ್ಕಾಲು, ಮುಕ್ಕಣ್ಣ, ಮುಮ್ಮಡಿ. ನೋಡ್ರಪ್ಪ ಇಲ್ಲಿ, ಒಂದೊಂದು ಎಳೆಗೂ ಬಿಚ್ಕೊಂಡು ಹೋಗ್ಬೇಕು ಅಂತಾನೇ ಆಸೆ. ಮೂರೂ ಒಟ್ಟಿಗೆ ಬಿಚ್ಕೊಳ್ಳಕ್ಕೆ ನೋಡೋದ್ರಿಂದ್ಲೇ ಒಂದನ್ನೊಂದು ಹಿಡ್ಕೊಂಡಿರ್ತವೆ." ಹೊಸೆದದ್ದನ್ನು ಎರಡು ಕೈಯಲ್ಲಿ ಹಿಡಿದು ಎಳೆದು ತೋರಿಸಿದರು. ಹರಿಯಲಿಲ್ಲ.

ಇನ್ನೊಂದು ಮಾತನ್ನೂ ಹೇಳಿದರು. ಅದು ಅವತ್ತೋ ಮುಂದಿನ ಕ್ಲಾಸಿನಲ್ಲೋ. "ಹಳಗನ್ನಡದ ಪ ಆಮೇಲೆ ಹ ಆಯ್ತು. ಪಾಲು ಹಾಲಾಯ್ತು, ಪೂ ಹೂವಾಯ್ತು, ಪುರಿ ಹುರಿಯಾಯ್ತು. ಮುಪ್ಪುರೀಲಿ ಮಾತ್ರ ಪ ಯಾಕೆ ಹಂಗೇ ಉಳೀತು? ಪಕ್ಕದಲ್ಲಿ ಇನ್ನೊಂದು ಪ ಇದೆಯಲ್ಲ, ಅದಕ್ಕೆ. ಒಂಟಿಯಾಗಿದ್ದಿದ್ದು ಉಸಿರಾಗಿ ಹೋಯ್ತು. ಜೋಡಿಯಾಗಿದ್ದಿದ್ದು ಉಳ್ಕೊಳ್ತು."

ಆ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ನಾಗವೇಣಿ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ಕಡೆಯವಳು, ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದಳು. ಅವರ ಮನೆಯಲ್ಲಿ ಬುದ್ಧನ ಪಟದ ಮುಂದೆ ದಿನಾ ತ್ರಿಶರಣ ಹೇಳುತ್ತಿದ್ದರು. "ನಿಮ್ಮನೆ ಶರಣೂ ಮುಪ್ಪುರೀನೇ ಅಲ್ವೇನಮ್ಮ" ಎಂದು ಸರ್ ಅವಳನ್ನು ಮಾತಾಡಿಸುತ್ತಿದ್ದರು. ಇಬ್ಬರೂ ಒಟ್ಟಿಗೆ ಎಂ.ಎ. ಮಾಡಿದೆವು, ಇಬ್ಬರನ್ನೂ ಅವರೇ ಕರೆದು ಕಾಲೇಜಿಗೆ ಸೇರಿಸಿಕೊಂಡರು. ವಿಭಾಗದಲ್ಲಿ ನಾವು ಮೂವರೇ. ಯಾರಾದರೂ ಅತಿಥಿಗಳು ಬಂದರೆ, "ಇದೇ ನಮ್ಮ ಮುಪ್ಪುರಿ" ಎಂದು ಪರಿಚಯ ಮಾಡಿಕೊಡುತ್ತಿದ್ದರು. ಬಂದವರಿಗೆ ಪದ ಅರ್ಥವಾಗುತ್ತಿರಲಿಲ್ಲ. ಆಗ ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದರು. ಅದು ನಮ್ಮಿಬ್ಬರ ಗುಟ್ಟು ಎಂದು ನಾನು ತಿಳಿದಿದ್ದೆ.

ಮಧ್ಯಾಹ್ನದ ಬಿಡುವಿನಲ್ಲಿ ಗೇಟಿನೆದುರಿನ ಅಂಗಡಿಗೆ ಹೋಗಿ "ಎರಡರಲ್ಲಿ ಮೂರು" ಎನ್ನುತ್ತಿದ್ದರು. ಎರಡು ಟೀ, ಮೂರು ಲೋಟ. ಅಂಗಡಿಯವನು ಹುಯ್ಯುವಾಗ ಮೂರರಲ್ಲೂ ಮಟ್ಟ ಒಂದೇ ಇದೆಯೇ ಎಂದು ಬಗ್ಗಿ ನೋಡುತ್ತಿದ್ದರು. ಇಲ್ಲದಿದ್ದರೆ ತಮ್ಮದರಿಂದ ನಮ್ಮದಕ್ಕೆ ಹಾಕುತ್ತಿದ್ದರು. ಇದನ್ನು ಬರೆಯಬಾರದೆಂದುಕೊಂಡಿದ್ದೆ. ಹೀಗೆ ಬರೆದರೆ ಅವರು ಒಳ್ಳೆಯವರಾಗಿ ಕಾಣುತ್ತಾರೆ. ಆದರೆ ಹಾಕುತ್ತಿದ್ದದ್ದು ನಿಜ.

ಐಚ್ಛಿಕ ಕನ್ನಡಕ್ಕೆ ಸೇರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾದರು. ಒಂದು ವರ್ಷ ಆಡಳಿತ ಮಂಡಳಿಯವರು, ಮೂವರು ಬೇಡ, ಇಬ್ಬರು ಸಾಕು ಎಂದರು. ಯಾರನ್ನು ಬಿಡಬೇಕೆಂಬುದನ್ನು ವಿಭಾಗವೇ ತಿಳಿಸಬೇಕು. ಆ ಸುದ್ದಿ ಬಂದ ದಿನ ನಾವು ಮೂವರೂ ಟೀ ಅಂಗಡಿಯ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆವು. ನಾಗವೇಣಿ ಅತ್ತಳು. ಆ ಕೆಲಸ ಬಿಟ್ಟರೆ ನನಗೆ ಬೇರೆ ಗೊತ್ತಿರಲಿಲ್ಲ, ಮನೆಯಲ್ಲಿ ನಾನೊಬ್ಬಳೇ ಸಂಬಳ ತರುವವಳು. ಸರ್ ಲೋಟಗಳನ್ನು ನೋಡುತ್ತ, "ಎರಡರಲ್ಲಿ ಮೂರು" ಎಂದರು.

ನಮಗೆ ತಿಳಿಯಲಿಲ್ಲ.

"ಇಬ್ಬರ ಸಂಬಳ ಮೂರು ಜನ ಹಂಚ್ಕೊಳ್ಳಣ. ಇಬ್ಬರ ಕೆಲಸ ಮೂರು ಜನ ಮಾಡಣ. ಯಾರೂ ಹೋಗೋದು ಬೇಡ. ಅವರು ಒಪ್ಪಲ್ಲ ಅಂದ್ರೆ ಮೂರು ಜನಾನೂ ಹೋಗಣ. ನಾನೇ ಹೇಳ್ತೀನಿ, ನೀವಿಬ್ರೂ ಬಾಯಿ ಬಿಡಬೇಡಿ."

ನಾಗವೇಣಿ ಕಣ್ಣೊರೆಸಿಕೊಂಡು, "ನಿಜವಾಗ್ಲೂ ಹೇಳ್ತೀರಾ ಸರ್?" ಎಂದಳು.

"ಹೇಳ್ದೆ ಏನಮ್ಮ. ಮುಪ್ಪುರಿ ಅಂತ ಸುಮ್ನೆ ಕರದ್ನಾ?"

ಕಾರ್ಯದರ್ಶಿಯ ಕೋಣೆಗೆ ಮುಂದಿನ ವಾರ ನಮ್ಮನ್ನು ಕರೆದರು. ಕಾರ್ಯದರ್ಶಿ, ಪ್ರಿನ್ಸಿಪಾಲರು, ನಾವು ಮೂವರು. ಸರ್ ಅಂದು ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು, ಜೇಬಿನಲ್ಲಿ ನೂಲು ಇರಲಿಲ್ಲ. ಇದು ನನಗೆ ಅಂದೇ ಕಂಡದ್ದೋ, ಆಮೇಲೆ ನನ್ನ ನೋವಿಗೆ ತಕ್ಕಂತೆ ನಾನೇ ಆ ಜೇಬನ್ನು ಖಾಲಿ ಮಾಡಿದೆನೋ ಗೊತ್ತಿಲ್ಲ. ಮಾತುಗಳು ಮಾತ್ರ ಗೊತ್ತಿವೆ.

"ಏನ್ ಸಾರ್, ಯೋಚ್ನೆ ಮಾಡಿದ್ರಾ?" ಎಂದು ಕಾರ್ಯದರ್ಶಿ ಕೇಳಿದರು. "ಯಾರನ್ನ ಬಿಡೋಣ?"

ನಾನು ಸರ್ ಮುಖ ನೋಡಿದೆ. ಎರಡರಲ್ಲಿ ಮೂರು ಎನ್ನುತ್ತಾರೆಂದು ಕಾದೆ.

"ಇಬ್ರೂ ನನ್ನ ಮಕ್ಕಳಿದ್ದಂಗೆ ಸಾರ್. ಇಬ್ರೂ ಚೆನ್ನಾಗಿ ಪಾಠ ಮಾಡ್ತಾರೆ. ಆದ್ರೆ ಒಬ್ಬರ ಹೆಸರು ಹೇಳಲೇಬೇಕು ಅಂದ್ರೆ..." ಎಂದು ಅವರು ನನ್ನ ಕಡೆ ತಿರುಗಿ ನಕ್ಕರು. ಪ್ರೀತಿಯಿಂದಲೇ ನಕ್ಕರು. "ಈಯಮ್ಮಂದು ಮನೆಮಾತು ತೆಲುಗು. ಫಸ್ಟ್ ಇಯರಲ್ಲಿ ಏನ್ ಮಾಡಿದ್ಲು ಗೊತ್ತಾ? ಮುಪ್ಪುರಿ ಬಿಡಿಸಮ್ಮ ಅಂದ್ರೆ ಮುಪ್ಪು, ಉರಿ ಅಂದ್ಲು. ಅಪಾಯದ ನೇಣಂತೆ."

ಕಾರ್ಯದರ್ಶಿಗೆ ನಗು ತಡೆಯಲಾಗಲಿಲ್ಲ. "ಭಲೇ ಚೆಪ್ಪಿಂದಿ ಸಾರ್", ಭಲೇ ಹೇಳಿದಳು ಎಂದು ಮೇಜು ತಟ್ಟಿದರು. ಪ್ರಿನ್ಸಿಪಾಲರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆ ಕೋಣೆಯಲ್ಲಿದ್ದ ಐವರಲ್ಲಿ ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದವಳು ನಾಗವೇಣಿ ಒಬ್ಬಳೇ. ಕಾರ್ಯದರ್ಶಿಯದು ತೆಲುಗು, ಪ್ರಿನ್ಸಿಪಾಲರದು ತೆಲುಗು. ಸರ್ ಕೂಡ ಗೌರಿಬಿದನೂರಿನ ಕಡೆಯ ಜಮೀನ್ದಾರರ ಮನೆಯವರು, ಹೆಂಡತಿಗೆ ಫೋನ್ ಮಾಡಿದರೆ ಮಾತಾಡುತ್ತಿದ್ದದ್ದು ತೆಲುಗಿನಲ್ಲೇ. ನಗದೆ ಇದ್ದವಳು ನಾಗವೇಣಿ ಮಾತ್ರ. ಅವಳು ನೆಲ ನೋಡುತ್ತಿದ್ದಳು. ನಾನು ನಕ್ಕೆ. ಎಲ್ಲರೂ ನಗುವಾಗ ನಗದಿದ್ದರೆ ಅಳುತ್ತೇನೆಂದು ಗೊತ್ತಿತ್ತು.

ನನ್ನನ್ನು ಕೆಲಸದಿಂದ ತೆಗೆದದ್ದಕ್ಕಿಂತ ಹೆಚ್ಚಾಗಿ ನನಗೆ ಉಳಿದದ್ದು ಇದು: ತೆಗೆಯಲು ಅವರು ಬಳಸಿದ್ದು ಆ ಬೆಳಗನ್ನು. ಬೇರೆ ಏನಾದರೂ ಹೇಳಬಹುದಿತ್ತು. ಸೇವಾ ಹಿರಿತನ ಎನ್ನಬಹುದಿತ್ತು, ಚೀಟಿ ಎತ್ತೋಣ ಎನ್ನಬಹುದಿತ್ತು, ಧ್ವನಿ ಸಣ್ಣದು ಎನ್ನಬಹುದಿತ್ತು. ನನ್ನ ಧ್ವನಿ ಸಣ್ಣದೇ. ಅವರು ತಮ್ಮ ಕೈಯಾರೆ ಸರಿ ಎಂದು ಎತ್ತಿ ಕೊಟ್ಟದ್ದನ್ನೇ ಹಿಂದಕ್ಕೆ ತೆಗೆದುಕೊಂಡು, ಮೇಜಿನ ಮೇಲಿಟ್ಟು, ತಪ್ಪು ಎಂದರು. 'ಇನ್ನೊಂದು ಭಾಷೆಯ ಸರಿ' ಎಂಬ ಕೊನೆಯ ಮಾತನ್ನು ಹೇಳದೆ ಕತೆಯನ್ನು ನೇಣಿಗೇ ನಿಲ್ಲಿಸಿದರು.

ನಾಗವೇಣಿ ಆ ಸಂಜೆ ಫೋನ್ ಮಾಡಿ ಅತ್ತಳು. "ನಾನು ಮಾತಾಡ್ಬೇಕಿತ್ತು ಕಣೇ. ಬಾಯೇ ಬರ್ಲಿಲ್ಲ." ಅವಳನ್ನು ನಾನು ಬೇಗ ಕ್ಷಮಿಸಿದೆ. ಅಷ್ಟು ಸುಲಭವಾಗಿ ಹೇಗೆ ಕ್ಷಮಿಸಿದೆ ಎಂದು ಈಗ ಕೇಳಿಕೊಂಡರೆ ಮುಜುಗರವಾಗುತ್ತದೆ. ಬಹುಶಃ ಅವಳಿಂದ ನಾನು ಅಷ್ಟೊಂದು ನಿರೀಕ್ಷಿಸಿರಲಿಲ್ಲ. ಸ್ನೇಹಿತೆಗೆ ಅದೂ ಒಂದು ಅವಮಾನವೇ.

ಚಿಂತಾಮಣಿಯ ಒಂದು ಹೈಸ್ಕೂಲಿನಲ್ಲಿ ನನಗೆ ಕೆಲಸ ಸಿಕ್ಕಿತು. ಸಿಗುವವರೆಗಿನ ತಿಂಗಳುಗಳನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಮಕ್ಕಳಲ್ಲಿ ಮುಕ್ಕಾಲುಪಾಲು ತೆಲುಗು, ಉರ್ದು ಮನೆಗಳವರು. ತಪ್ಪುತ್ತಾರೆ. ನಾನು ಅದೇ ಮಾತು ಹೇಳುತ್ತೇನೆ. ಪ್ರತಿ ಸಲ ಹೇಳುವಾಗಲೂ ಕಾರ್ಯದರ್ಶಿ ಮೇಜು ತಟ್ಟಿದ ಸದ್ದು ಹಿಂದಿನಿಂದ ಕೇಳುತ್ತದೆ. ಆದರೂ ಹೇಳುತ್ತೇನೆ.

ಅವರು ನಿವೃತ್ತರಾದ ಮೇಲೆ ಒಮ್ಮೆ ಸಿಕ್ಕಿದರು. ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ, ಕೈಯಲ್ಲಿ ದ್ರಾಕ್ಷಿಯ ಕವರ್ ಹಿಡಿದು, ಕಲ್ಲುಬೆಂಚಿನ ತುದಿಯಲ್ಲಿ ಕೂತಿದ್ದರು. ತೆಳ್ಳಗಾಗಿದ್ದರು. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಹೆಂಗಿದ್ದೀಯಮ್ಮ?"

"ಚೆನ್ನಾಗಿದೀನಿ ಸರ್."

"ಚಿಂತಾಮಣೀಲಿ ಒಳ್ಳೇ ಹೆಸರು ಮಾಡಿದೀಯಂತೆ."

ಇಷ್ಟು ವರ್ಷ ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ದೊಡ್ಡ ಮಾತುಗಳೆಲ್ಲ ಎಲ್ಲಿಗೆ ಹೋದವೋ, "ಯಾಕ್ ಸರ್ ಹಂಗ್ ಮಾಡಿದ್ರಿ?" ಎಂದಷ್ಟೇ ಕೇಳಿದೆ.

ಏನು ಎಂದು ಅವರು ಕೇಳಲಿಲ್ಲ. ಅದಕ್ಕೆ ಮೆಚ್ಚಬೇಕು. "ಒಂದು ಎಳೆ ತೆಗೀಲೇಬೇಕು ಅಂತ ಬಂದ್ರೆ ಗಟ್ಟಿ ಇರೋದನ್ನ ತೆಗೀಬೇಕು ಕಣಮ್ಮ. ಅದು ಎಲ್ಲಿ ಬಿದ್ರೂ ಬಾಳ್ತದೆ."

"ತೆಗೀಲೇಬೇಕು ಅಂತ ಎಲ್ಲಿತ್ತು ಸರ್? ಎರಡರಲ್ಲಿ ಮೂರು ಅಂದಿದ್ರಿ."

ಅವರು ಕವರಿನಿಂದ ಒಂದು ದ್ರಾಕ್ಷಿ ಕಿತ್ತು, ತಿನ್ನದೆ ಬೆರಳಲ್ಲೇ ತಿರುಗಿಸಿದರು. "ಹೇಳೋಣ ಅಂತಾನೇ ಒಳಗೆ ಬಂದೆ. ಕುರ್ಚಿ ಮೇಲೆ ಕೂತ ಮೇಲೆ ಹೆದರಿಕೆ ಆಯ್ತು. ಮೂರು ಜನಾನೂ ಹೋಗಿ ಅಂದ್ಬಿಟ್ರೆ?"

"ಹಂಗಾದ್ರೆ ನಿಮ್ಮ ಎಳೆ ತೆಗೀಬಹುದಿತ್ತಲ್ಲ ಸರ್."

"ನಂದೇನಮ್ಮ." ನಕ್ಕರು. "ಮುಪ್ಪು. ಉಳಿದಿದ್ದು ಉರಿ."

ಹೇಳಿ ನನ್ನ ಮುಖ ನೋಡಿದರು. ನಾನೂ ನಗುತ್ತೇನೆಂದು ಕಾದರು. ನಾನು ತೆಲುಗಿನಲ್ಲಿ ತಪ್ಪಿದ್ದ ಪದವನ್ನು ಅವರು ಬೇಕೆಂದೇ ಕನ್ನಡದಲ್ಲಿ ತಪ್ಪಿ ತೋರಿಸಿದ್ದರು. ಮೇಷ್ಟ್ರು ಕ್ಷಮೆ ಕೇಳುವ ರೀತಿ ಅದಿದ್ದಿರಬಹುದು. ಅಥವಾ ಕೇಳದೆ ತಪ್ಪಿಸಿಕೊಳ್ಳುವ ರೀತಿ. ಅಷ್ಟರಲ್ಲಿ ನನ್ನ ಬಸ್ಸು ಬಂತು. ದ್ರಾಕ್ಷಿಯ ಕವರನ್ನು ಅವರು ನನ್ನ ಕೈಗೆ ತುರುಕಿದರು. ಅದನ್ನು ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸಿಗೆ ಕೊಟ್ಟೆ. ಅವರನ್ನು ಮತ್ತೆ ನೋಡಲಿಲ್ಲ.

ಇಷ್ಟಾಗಿಯೂ ಆ ಮೊದಲ ಬೆಳಗನ್ನು ನಾನು ಅವರಿಗೆ ವಾಪಸು ಕೊಟ್ಟಿರಲಿಲ್ಲ. ಕಾರ್ಯದರ್ಶಿಯ ಕೋಣೆಯಲ್ಲಿದ್ದವರು ಹೆದರಿದ ಮುದುಕರು. ಕ್ಲಾಸಿನಲ್ಲಿ ಚಾಕ್‌ಪೀಸು ಕೆಳಗಿಟ್ಟವರು ಬೇರೆ. ಹೀಗೆ ಇಬ್ಬರನ್ನಾಗಿ ಮಾಡಿ ಒಬ್ಬರನ್ನು ಉಳಿಸಿಕೊಂಡಿದ್ದೆ.

ಅವರು ಹೋದ ಮೇಲೆ ಹಳೆಯ ವಿದ್ಯಾರ್ಥಿಗಳು ಚಿಕ್ಕಬಳ್ಳಾಪುರದಲ್ಲಿ ನುಡಿನಮನ ಇಟ್ಟುಕೊಂಡರು. ನಾಗವೇಣಿ ಫೋನ್ ಮಾಡಿದಳು.

"ನೀನೂ ಎರಡು ಮಾತಾಡಬೇಕಂತೆ ಕಣೇ. ಬರ್ತೀಯಾ?"

"ಬರ್ತೀನಿ. ಮುಪ್ಪುರಿ ಕ್ಲಾಸಿಂದು ಹೇಳ್ತೀನಿ. ಎಲ್ರೂ ನಕ್ಕಾಗ ಅವರು ನಗ್ಲಿಲ್ವಲ್ಲ, ಅದು."

"ಯಾರ್ ನಗ್ಲಿಲ್ಲ? ಸರ್ರಾ? ಅವರೂ ನಕ್ರಲ್ಲೇ."

"ಇಲ್ಲ ಕಣೇ."

"ನಿನ್ ಪಕ್ಕಾನೇ ಕೂತಿದ್ದೆ ನಾನು. ಹೊಟ್ಟೆ ಹಿಡ್ಕೊಂಡು ನಕ್ರು. ನೀನೂ ನಕ್ಕೆ."

"ತಪ್ಪಲ್ಲ ಕಣಮ್ಮ, ಇನ್ನೊಂದು ಭಾಷೆಯ ಸರಿ ಅಂದಿದ್ದು?"

"ಅದು ನೀನು ನಿನ್ ಮಕ್ಕಳಿಗೆ ಹೇಳೋದಲ್ವಾ?"

ಫೋನ್ ಇಟ್ಟೆ. ಅವಳು ಕಾರ್ಯದರ್ಶಿಯ ಕೋಣೆಯ ನಗುವನ್ನು ಕ್ಲಾಸಿಗೆ ತಂದುಕೊಂಡಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ನಾನು ಏನನ್ನು ಎಲ್ಲಿಂದ ಎಲ್ಲಿಗೆ ತಂದುಕೊಂಡಿದ್ದೇನೆ? ಆ ಮಾತು ಇಲ್ಲದಿದ್ದರೆ ನಾನು ಅವತ್ತು ಕುಗ್ಗಿಹೋಗುತ್ತಿದ್ದೆ ಎಂಬುದು ಗೊತ್ತು. ಅದಕ್ಕೇ ಆ ಮಾತನ್ನು ನಾನೇ ಹುಟ್ಟಿಸಿ ಅವರ ಬಾಯಿಗೆ ಹಾಕಿರಬಹುದಲ್ಲ. ಹಾಗಿದ್ದರೆ ನನಗೆ ದ್ರೋಹ ಮಾಡಿದವರು ಯಾರು?

ನುಡಿನಮನಕ್ಕೆ ಹೋದೆ. ವೇದಿಕೆಯ ಮೇಲೆ ಅವರ ಫೋಟೊ, ಸುಗಂಧರಾಜದ ಹಾರ. ಮೊದಲು ಮಾತಾಡಲು ಬಂದವರು ಗೌರಿಬಿದನೂರಿನ ಕಡೆಯ ಒಬ್ಬ ನಿವೃತ್ತ ಶಿಕ್ಷಕರು, ತಲೆ ಪೂರ್ತಿ ಬೆಳ್ಳಗಿತ್ತು, ನಮಗಿಂತ ಎಷ್ಟೋ ಹಿಂದಿನ ಬ್ಯಾಚು. ಮೈಕಿಗೆ ಬಾಯಿ ತೀರ ಹತ್ತಿರ ಇಟ್ಟು ಶುರು ಮಾಡಿದರು.

"ನಂದು ಮನೆಮಾತು ತೆಲುಗು. ಒಂದು ದಿನ ಸರ್ರು ಬೋರ್ಡ್ ಮೇಲೆ ಮುಪ್ಪುರಿ ಅಂತ ಬರೆದು, ಬಿಡಿಸೋ ಅಂದ್ರು. ನಾನು ಮುಪ್ಪು, ಉರಿ ಅಂದೆ."

ಸಭೆ ನಕ್ಕಿತು.

"ಎಲ್ಲಾ ನಕ್ಬಿಟ್ರು. ಸರ್ರು ನಗ್ಲಿಲ್ಲ. ಚಾಕ್‌ಪೀಸ್ ಕೆಳಗಿಟ್ಟು ಹೇಳಿದ್ರು, ತಪ್ಪಲ್ಲ ಕಣಪ್ಪ, ಇದು ಇನ್ನೊಂದು ಭಾಷೆಯ ಸರಿ ಅಂತ." ಅವರ ಧ್ವನಿ ಒಡೆಯಿತು. "ಆ ಮಾತಿಂದ್ಲೇ ನಾನು ಮೇಷ್ಟ್ರಾದೆ."

ಹಿಂದಿನ ಸಾಲಿನಿಂದ ಯಾರೋ ಕೂಗಿ ಹೇಳಿದರು: "ನಮ್ ಬ್ಯಾಚಲ್ಲೂ ಒಬ್ರಿಗೆ ಹಂಗೇ ಅಂದಿದ್ರು ಸಾ." ಮತ್ತೆ ನಗು, ಈ ಸಲ ತುಂಬ ಪ್ರೀತಿಯ ನಗು.

ನಾಗವೇಣಿ ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದಳು. "ಹಂಗಾದ್ರೆ ನೀನ್ ಹೇಳಿದ್ದೇ ನಿಜ ಕಣೇ. ನಗ್ಲಿಲ್ಲ ಅವರು. ನಂಗೇ ಮರೆತಿತ್ತು."

ಹೌದು, ನಿಜವಾಯಿತು. ಚಾಕ್‌ಪೀಸು ಕೆಳಗಿಟ್ಟದ್ದೂ ನಿಜ. ಆ ಪದವನ್ನು ಅವರು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಯಾರನ್ನು ಎಬ್ಬಿಸಿದರೆ ಅದು ಯಾವ ಕಡೆಗೆ ಬಿಚ್ಚಿಕೊಳ್ಳುತ್ತದೆಂದು ಗೊತ್ತಿದ್ದೇ ಎಬ್ಬಿಸುತ್ತಿದ್ದರು. ದ್ರಾಕ್ಷಿ ಅಂಗಡಿಯ ಕತೆಯಂತೆ ಇದನ್ನೂ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲಿಸುತ್ತಿದ್ದರು. ಒಳ್ಳೆಯ ಮೇಷ್ಟ್ರು ಹಾಗೆ ಮಾಡಬೇಕು ಎಂದು ನಾನೇ ಇನ್ನೊಬ್ಬರಿಗೆ ಹೇಳಿಯೇನು. ನನ್ನ ಮಕ್ಕಳಿಗೆ ನಾನು ಮಾಡುವುದೂ ಅದನ್ನೇ. ಆದರೆ ಕೆಲಸ ಹೋದಾಗಲೂ ನಾನು ಬಿಡದೆ ಹಿಡಿದುಕೊಂಡಿದ್ದ ಒಂದೇ ಒಂದು ವಸ್ತು, ನನಗಾಗಿ ಒಬ್ಬರು ನಗದೆ ಇದ್ದ ಆ ಒಂದು ಗಳಿಗೆ, ನೆನಪು ನಿಜವೆಂದು ಸಾಬೀತಾದ ಆ ಕ್ಷಣವೇ ನನ್ನ ಕೈಬಿಟ್ಟಿತು.

ನನ್ನ ಹೆಸರು ಕರೆದರು. ಬರುವಾಗ ಬಸ್ಸಿನಲ್ಲಿ ಎರಡು ಭಾಷಣ ಯೋಚಿಸಿಕೊಂಡು ಬಂದಿದ್ದೆ. ಒಂದರಲ್ಲಿ ಕ್ಲಾಸಿತ್ತು, ಇನ್ನೊಂದರಲ್ಲಿ ಕಾರ್ಯದರ್ಶಿಯ ಕೋಣೆ. ಮೈಕಿನ ಮುಂದೆ ನಿಂತಾಗ ಎರಡೂ ಬೇಡವೆನಿಸಿತು.

"ಮುಪ್ಪುರಿ" ಎಂದೆ. "ಮೂರು, ಪುರಿ. ಪುರಿ ಎಂದರೆ ಇವತ್ತಿನ ಹುರಿ. ಒಂಟಿಯಾಗಿದ್ದ ಪಕಾರ ಕನ್ನಡದಲ್ಲಿ ಹಕಾರವಾಯಿತು, ಜೋಡಿಯಾಗಿದ್ದ ಪಕಾರ ಉಳಿಯಿತು. ಇದನ್ನು ನನಗೆ ಹೇಳಿಕೊಟ್ಟವರು ಅವರು. ನಮಸ್ಕಾರ."

ಇಳಿದು ಬಂದೆ. ಸ್ವಲ್ಪ ತಡವಾಗಿ ಚಪ್ಪಾಳೆ ಬಂತು.

ಕಾರ್ಯಕ್ರಮ ಮುಗಿದ ಮೇಲೆ ಆ ನಿವೃತ್ತ ಶಿಕ್ಷಕರು ಹುಡುಕಿಕೊಂಡು ಬಂದರು. "ನಾನು ತಪ್ಪು ಬಿಡಿಸಿದ್ದೆ, ನೀನು ಸರಿಯಾಗಿ ಬಿಡಿಸಿದೆ ನೋಡಮ್ಮ" ಎಂದು ನಕ್ಕರು. ಕಣ್ಣು ಇನ್ನೂ ಒದ್ದೆಯಿತ್ತು. "ನಿಂದು ಯಾವೂರು?"

"ಮುರುಗಮಲ್ಲದ ಹತ್ತಿರ."

"ಅಟ್ಲಯಿತೇ ಮನವಾಳ್ಳೇ." ಹಾಗಾದರೆ ನಮ್ಮವರೇ, ಎಂದರು.

ಅವರಿಗೆ ನನ್ನ ಕತೆ ಹೇಳಲಿಲ್ಲ. ಅವರ ಕೈಯಲ್ಲಾದರೂ ಅದು ಇರಲಿ ಎಂದೋ, ನನ್ನದನ್ನು ಹಂಚಿಕೊಳ್ಳಲು ಇನ್ನೂ ಮನಸ್ಸಿಲ್ಲದೆಯೋ.

ಹಾಲ್ ಹೊರಗೆ ಒಂದು ಟೀ ಗಾಡಿ. ಆ ಶಿಕ್ಷಕರೂ ಸೇರಿ ನಾವು ಮೂವರು ಅಲ್ಲಿಗೆ ಹೋದೆವು. ನಾಗವೇಣಿ ಅಭ್ಯಾಸದ ಮೇಲೆ, "ಅಣ್ಣ, ಎರಡರಲ್ಲಿ ಮೂರು" ಎಂದಳು.

"ಬೇಡ" ಎಂದೆ. "ಮೂರು ಕೊಡಿ ಅಣ್ಣ. ಪೂರ್ತಿ."

ನಾಗವೇಣಿ ನನ್ನ ಮುಖ ನೋಡಿದಳು. "ನೀನ್ ಅಷ್ಟೊಂದು ಕುಡಿಯಲ್ವಲ್ಲೇ."

"ಕುಡೀತೀನಿ."

ಲೋಟದ ಕಂಠದವರೆಗೂ ಹುಯ್ದು ಕೊಟ್ಟ. ಸಕ್ಕರೆ ಜಾಸ್ತಿಯಾಗಿತ್ತು. ಕೊನೆಯ ಗುಟುಕಿನವರೆಗೂ ಕುಡಿದೆ.